ಸದ್ದು ಮಾಡದ ಶಕ್ತಿಗಳು

1999ರಲ್ಲಿ ಬಂದ ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಎಂಬ ಗೇಮನ್ನು ಈಗಲೂ ಒಂದೇ ಕಂಪ್ಯೂಟರಿನ ಮುಂದೆ ಸರದಿಯಂತೆ ಕೂತು ಆಡುವ ಗೆಳೆಯರು ನಾವು. ಮ್ಯಾಪ್ ಮಾಡುವ ಕೆಲಸ ನನ್ನದು. ಯಾವ ಮಂತ್ರ, ಯಾವ ಸ್ಕಿಲ್ ಇರಬೇಕು, ಯಾವುದು ಬೇಡ ಎಂಬುದನ್ನು ಷ್ಯಾಡೋ ಆಫ್ ಡೆತ್ ಆವೃತ್ತಿಯ ಮ್ಯಾಪ್ ಎಡಿಟರಿನಲ್ಲೇ ತೀರ್ಮಾನಿಸಬಹುದು. ಹಾಗಾಗಿ ಸೋತವರ ದೂರುಗಳೆಲ್ಲ ನನ್ನ ತಲೆಗೇ ಬರುತ್ತವೆ. ಅವು ಹೆಚ್ಚುಕಡಿಮೆ ಎಲ್ಲವೂ ಮಂತ್ರಗಳ ಮೇಲಿನ ದೂರುಗಳೇ. "ಆ ಲೈಟ್ನಿಂಗ್ ತೆಗೆದುಬಿಡು ಮಾರಾಯ" ಎಂದವರಿದ್ದಾರೆ. ಸೈನಿಕರ ಏಟಿಗೆ ಬಲ ಕೂಡಿಸುವ ಅಫೆನ್ಸ್ ಸ್ಕಿಲ್ ತೆಗೆ ಎಂದವರು ಒಬ್ಬರೂ ಇಲ್ಲ. ಮಿಂಚು ಪರದೆಯ ಮೇಲೆ ಹೊಳೆಯುತ್ತದೆ, ಸಿಡಿಯುತ್ತದೆ, ತಿಂದವನ ಮನಸ್ಸಿನಲ್ಲಿ ಉಳಿಯುತ್ತದೆ. ಅಫೆನ್ಸ್ ಪ್ರತಿ ಏಟಿನೊಳಗೂ ಅಡಗಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಹಾಕಿದರೆ ಚಿತ್ರ ಬೇರೆ. ಆರಂಭದಲ್ಲಿ ಸ್ಪೆಲ್ ಪವರ್ 1 ಇರುವ ಹೀರೋ 5 ಮಾನಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ) ತೆತ್ತು ಮ್ಯಾಜಿಕ್ ಆರೋ ಬಿಟ್ಟರೆ 20 ಡ್ಯಾಮೇಜ್. ಆಗ ಜತೆಗಿರುವ 10 ಪೈಕ್‌ಮನ್‌ಗಳ ಸರಾಸರಿ ಏಟೂ ಅಷ್ಟೇ. ಬೇಸಿಕ್ ಅಫೆನ್ಸ್ ಅದಕ್ಕೆ ಸೇರಿಸುವ ಶೇ. 10 ಎಂದರೆ ಬರೀ 2. ಮಂತ್ರವಾದಿಯ ದರ್ಬಾರು ನಡೆಯುವ ಕಾಲ ಅದು. ಮುಂದೆ ಪವರ್ 10 ಆದಾಗ ಎಕ್ಸ್‌ಪರ್ಟ್ ಲೈಟ್ನಿಂಗ್ ಬೋಲ್ಟ್ 300 ಕೊಡುತ್ತದೆ. ಎದುರಾಳಿಯ ಬಳಿ 100 ಕ್ರುಸೇಡರ್‌ಗಳಿದ್ದಾರೆ ಎನ್ನಿ. ಒಬ್ಬನ ಏಟು 7ರಿಂದ 10, ಒಂದು ಸರದಿಗೆ ಎರಡು ಏಟು. ಎಕ್ಸ್‌ಪರ್ಟ್ ಅಫೆನ್ಸ್‌ನ ಶೇ. 30ರಿಂದಲೇ ಅವರಿಗೆ ಸರಾಸರಿ 510 ಹೆಚ್ಚು ಸಿಗುತ್ತದೆ, ಅಟ್ಯಾಕ್-ಡಿಫೆನ್ಸ್ ವ್ಯತ್ಯಾಸ ಬದಿಗಿಟ್ಟರೂ. ಮಾನಾ ಖರ್ಚಿಲ್ಲ, ಸುತ್ತಿಗೆ ಒಂದೇ ಮಂತ್ರ ಎಂಬ ಕಟ್ಟುಪಾಡೂ ಅಡ್ಡ ಬರುವುದಿಲ್ಲ. ಮಂತ್ರ ಹೀರೋ ಜತೆ ಬೆಳೆಯುತ್ತದೆ, ಅಫೆನ್ಸ್‌ನಂತೆ ತಾನಾಗಿಯೇ ಕೆಲಸ ಮಾಡುವ ಪ್ಯಾಸಿವ್ ಗುಣ ಸೈನ್ಯದ ಜತೆ ಬೆಳೆಯುತ್ತದೆ. ಸೈನ್ಯವೋ, ವಾರವಾರ ಕೋಟೆಯಿಂದ ಬರುತ್ತಲೇ ಇರುತ್ತದೆ.

ಇದರ ಅತಿರೇಕ ನೆಕ್ರೋಮ್ಯಾನ್ಸಿ ಎಂಬ ಸ್ಕಿಲ್. ಮೂಲ ಆಟದಲ್ಲಿ ಅದರ ಎಕ್ಸ್‌ಪರ್ಟ್ ಮಟ್ಟ ಶೇ. 30, ಸತ್ತ ಶತ್ರುಗಳಲ್ಲಿ ಅಷ್ಟು ಪಾಲು ಅಸ್ಥಿಪಂಜರಗಳಾಗಿ ಗೆದ್ದವನ ಸೈನ್ಯ ಸೇರುತ್ತದೆ, ಅವು ಮುಂದಿನ ಗೆಲುವನ್ನು ಸುಲಭ ಮಾಡುತ್ತವೆ, ಆ ಗೆಲುವು ಮತ್ತಷ್ಟು ಪಂಜರಗಳನ್ನು ತರುತ್ತದೆ. ಚಕ್ರಬಡ್ಡಿ. ಅಭಿಮಾನಿಗಳೇ ಕಟ್ಟಿದ ಹಾರ್ನ್ ಆಫ್ ದ ಅಬಿಸ್ ಎಂಬ ವಿಸ್ತರಣೆಯಲ್ಲಿ ಅದನ್ನು ಶೇ. 15ಕ್ಕೆ ಇಳಿಸಿದ್ದಾರೆ. ಸರಿಯಾಗಿಯೇ ಮಾಡಿದರು.

ಆದರೆ ಅಂಕಿ ಇಳಿಸುವುದರಿಂದ ಎಲ್ಲ ರೋಗವೂ ವಾಸಿಯಾಗದು. ರಣರಂಗದಲ್ಲಿರುವ ಎಲ್ಲರನ್ನೂ ಸುಡುವ ಆರ್ಮಗೆಡಾನ್ ಮಂತ್ರ ಒಂಟಿಯಾಗಿ ನ್ಯಾಯವಾಗಿದೆ, ನಮ್ಮವರೂ ಬೇಯುತ್ತಾರಲ್ಲ. ಯಾವ ಮಂತ್ರವೂ ತಾಗದ ಬ್ಲ್ಯಾಕ್ ಡ್ರ್ಯಾಗನ್ ಕೂಡ ಒಂಟಿಯಾಗಿ ಸಹ್ಯವೇ. ಒಬ್ಬನೇ ಹೀರೋ ಬಳಿ ಎರಡೂ ಸೇರಿದರೆ ಆಟ ಮುಗಿಯಿತು. ಅದಕ್ಕೇ ಪ್ರತಿ ಮಂತ್ರದ ಪಕ್ಕದಲ್ಲಿ, ಅದರ ಬೆಲೆಯನ್ನು ಅಳಿಸಿಹಾಕುವ ಗುಣ ಯಾರಿಗಿದೆ ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದಿದೆ.

ಬೆಲೆ ಇಡುವ ಜಾಣ್ಮೆಯನ್ನು ನಾನು ಕಲಿತದ್ದು ಮಾತ್ರ ಬ್ಯಾಟಲ್ ಫಾರ್ ವೆಸ್ನಾತ್‌ನಿಂದ. 2003ರಲ್ಲಿ ಡೇವಿಡ್ ವೈಟ್ ಶುರುಮಾಡಿದ ಈ ಮುಕ್ತ ತಂತ್ರಾಂಶದಲ್ಲಿ ಮಾನಾ ಎಂಬುದೇ ಇಲ್ಲ. ಅಲ್ಲಿನ ಮಂತ್ರದೇಟು ಯಾವ ನೆಲದಲ್ಲಾದರೂ ಶೇ. 70ರಷ್ಟು ಸಲ ತಾಗುತ್ತದೆ. ಬಾಣಗಳಿಂದ ತಪ್ಪಿಸಿಕೊಳ್ಳುತ್ತ ಕಾಡಿನಲ್ಲಿ ನಿಂತ ಎಲ್ಫ್‌ಗೂ ಬಿಡುಗಡೆ ಇಲ್ಲ. ಇಷ್ಟು ಬಲವಿರುವ ಡಾರ್ಕ್ ಅಡೆಪ್ಟ್ ಎಂಬ ಮಂತ್ರವಾದಿ, ತನ್ನ ಮೇಲೆ ಯಾರಾದರೂ ಕತ್ತಿ ಹಿಡಿದು ಬಿದ್ದರೆ ತಿರುಗಿ ಹೊಡೆಯಲಾರ. ಅವನ ಶಕ್ತಿಗೆ ಬೆಲೆ ತೆರುವುದು ಅವನು ನಿಲ್ಲುವ ಜಾಗ. ಪಕ್ಕದವರ ಗಾಯ ವಾಸಿ ಮಾಡುವ ಗುಣಕ್ಕೂ ಕಡಿವಾಣವಿದೆ: ಇಬ್ಬರು ವೈದ್ಯರು ಅಕ್ಕಪಕ್ಕ ನಿಂತರೆ ಲಾಭ ಕೂಡುವುದಿಲ್ಲ, ದೊಡ್ಡದೊಂದೇ ಲೆಕ್ಕಕ್ಕೆ. ಈ ಒಂದು ನಿಯಮದಿಂದ ಎಷ್ಟು ಜಗಳ ತಪ್ಪಿದೆಯೋ.

ನಮ್ಮ ಗುಂಪಿನಲ್ಲಿ ಉಳಿದಿರುವ ಜಗಳ ಸ್ಲೋ ಮಂತ್ರದ್ದು. ಮೊದಲ ಹಂತದ ಮಂತ್ರ, ಯಾರಿಗೂ ಗಾಯ ಮಾಡದು. ಎಕ್ಸ್‌ಪರ್ಟ್ ಅರ್ತ್ ಮ್ಯಾಜಿಕ್ ಇದ್ದರೆ ಶತ್ರುಪಡೆಯಿಡೀ ಅರ್ಧ ವೇಗಕ್ಕೆ ಇಳಿಯುತ್ತದೆ. ತೆಗೆಯಲೇಬೇಕು ಎಂದು ಕೆಲವರು. ಅದಕ್ಕೆ ಹೇಸ್ಟ್ ಮಂತ್ರ ಇದೆಯಲ್ಲ ಎಂದು ಉಳಿದವರು. ಹೇಸ್ಟ್ ಕೂಡಿಸುತ್ತದೆ, ಸ್ಲೋ ಭಾಗಿಸುತ್ತದೆ, ಎರಡೂ ಒಂದೇ ಅಲ್ಲ ಎನ್ನುವುದು ನನ್ನ ವಾದ. ಸದ್ಯಕ್ಕೆ ಸ್ಲೋ ಮ್ಯಾಪಿನಲ್ಲಿದೆ. ಅರ್ತ್ ಮ್ಯಾಜಿಕ್ ಕಲಿಸುವ ವಿಚ್ ಹಟ್‌ಗಳನ್ನು ಮಾತ್ರ ಗಟ್ಟಿ ಕಾವಲಿನ ಹಿಂದಕ್ಕೆ ಸರಿಸಿದ್ದೇನೆ.