ಪಾಸ್ಟರನ್ನು ಕರೆಯುವವರು ಯಾರು?

ಪ್ರಶ್ನೆ: ನಮ್ಮೂರಲ್ಲಿರುವುದು ಮೆಥೋಡಿಸ್ಟ್ ಚರ್ಚು. ಆದರೆ ಬೆಳಗಾವಿ ಸೀಮೆಗೆ ಮೊದಲು ಬಂದ ಪಾದ್ರಿಗಳು ಕಾಂಗ್ರಿಗೇಷನಲ್ ಪಂಗಡದವರು ಎಂದು ಓದಿದೆ. ಆ ಪಂಗಡದಲ್ಲಿ ಪಾಸ್ಟರ್ ಆಗುವುದು ಹೇಗೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಆ ಹೆಸರೇ ಯಾಕೆ ಕೇಳಿಬರುವುದಿಲ್ಲ?
– ಓದುಗರೊಬ್ಬರು, ಬೈಲಹೊಂಗಲ

ಉತ್ತರ: ನೀವು ಓದಿದ್ದು ಸರಿ. ಪೇಶ್ವೆಗಳ ಆಡಳಿತ ಮುಗಿದು ಎರಡೇ ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬೆಳಗಾವಿಗೆ ಬಂದು ನೆಲೆಸಿದರು. ಕಿತ್ತೂರಿನ ಯುದ್ಧಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಅದಕ್ಕೂ ಮೊದಲು ಅವರು ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಜೊತೆ ದುಡಿದಿದ್ದರು. ಬೈಬಲನ್ನು ಕನ್ನಡಕ್ಕೆ ತಂದವರಲ್ಲಿ ಹ್ಯಾಂಡ್ಸ್ ಮುಖ್ಯರು. ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ ವಿಲಿಯಂ ರೀವ್ ಕೂಡ ಅದೇ ಬಳ್ಳಾರಿ ಬಳಗದವರು. ಟೇಲರ್ ನಂತರ ಬೆಳಗಾವಿಗೆ ಬಂದ ವಿಲಿಯಂ ಬೇನನ್ ಅವರ ಹೆಸರು ಬೇನನ್ ಸ್ಮಿತ್ ಹೈಸ್ಕೂಲಿನಲ್ಲಿ ಇಂದಿಗೂ ಉಳಿದಿದೆ.

1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿಯ ಬಾಗಿಲು ಎಲ್ಲ ಪಂಗಡಗಳಿಗೂ ತೆರೆದಿತ್ತು. ಆದರೂ ಅದನ್ನು ನಡೆಸಿದವರು ಹೆಚ್ಚಾಗಿ ಕಾಂಗ್ರಿಗೇಷನಲ್ ಚರ್ಚಿನವರೇ. ಇವರ ತತ್ವ ಸರಳ. ಒಂದೂರಿನ ಸಭೆ ತನ್ನಷ್ಟಕ್ಕೆ ಪೂರ್ಣ ಚರ್ಚು, ಅದಕ್ಕೆ ಕ್ರಿಸ್ತನೊಬ್ಬನೇ ಒಡೆಯ, ಮೇಲೆ ಬಿಷಪ್ ಇಲ್ಲ. ಸದಸ್ಯರೇ ಕೂಡಿ ಸಭಾಸೇವಕರನ್ನು ಆರಿಸುತ್ತಾರೆ, ಲೆಕ್ಕ ಕೇಳುತ್ತಾರೆ, ಪಾಸ್ಟರನ್ನೂ ಅವರೇ ಕರೆಯುತ್ತಾರೆ.

ಹಾಗಾಗಿ ಈ ಪಂಗಡದ ಪಾಸ್ಟರ್ ಆಗಬೇಕೆನ್ನುವವರು ಮೊದಲು ತಮ್ಮ ಸಭೆಯ ಒಪ್ಪಿಗೆ ಪಡೆಯಬೇಕು, ಆಮೇಲೆ ದೇವಶಾಸ್ತ್ರ ಓದಬೇಕು. ಓದು ಮುಗಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಪಾಸ್ಟರ್ ಇಲ್ಲದ ಯಾವುದೋ ಸಭೆ ಒಂದು ಭಾನುವಾರ ಪ್ರಸಂಗ ಮಾಡಲು ಕರೆಯುತ್ತದೆ. ಮೆಚ್ಚಿದರೆ ಸದಸ್ಯರು ಮತ ಹಾಕಿ ಆಹ್ವಾನ ಕಳಿಸುತ್ತಾರೆ. ಅಕ್ಕಪಕ್ಕದ ಸಭೆಗಳ ಪಾಸ್ಟರುಗಳು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅಲ್ಲಿಂದ ಮುಂದಿನ ಕೆಲಸ ನಿಮ್ಮೂರಿನ ಪಾಸ್ಟರ್ ಮಾಡುವಂಥದ್ದೇ: ಆರಾಧನೆ, ದೀಕ್ಷಾಸ್ನಾನ, ಮದುವೆ, ಮಣ್ಣು, ಕಾಯಿಲೆಯವರ ಮನೆಗೆ ಭೇಟಿ. ವ್ಯತ್ಯಾಸವಿರುವುದು ನೇಮಕದಲ್ಲಿ. ಮೆಥೋಡಿಸ್ಟರಲ್ಲಿ ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ ಪಟ್ಟಿ ಓದುತ್ತಾರೆ, ಸರ್ಕಾರಿ ಮಾಸ್ತರರ ವರ್ಗಾವಣೆಯಂತೆ ಪಾಸ್ಟರ್ ಗಂಟುಮೂಟೆ ಕಟ್ಟುತ್ತಾರೆ. ಕಾಂಗ್ರಿಗೇಷನಲ್ ಪಾಸ್ಟರಿಗೆ ಆ ಆದೇಶದ ಭಯವಿಲ್ಲ, ಆದರೆ ಸಭೆಯ ಮನಸ್ಸು ಮುರಿದರೆ ಕಾಯುವ ಮೇಲಧಿಕಾರಿಯೂ ಇಲ್ಲ.

ಒಂದು ಸಭೆ ಒಪ್ಪಿದರೆ ಸಾಕು ಎಂಬ ಈ ಪದ್ಧತಿಯಿಂದ ದೊಡ್ಡ ಬದಲಾವಣೆಗಳೂ ಆಗಿವೆ. 1853ರಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯ ಸೌತ್ ಬಟ್ಲರ್ ಎಂಬ ಸಣ್ಣ ಊರಿನ ಕಾಂಗ್ರಿಗೇಷನಲ್ ಸಭೆ ಆಂಟೊಯಿನೆಟ್ ಬ್ರೌನ್ ಎಂಬ ಹೆಣ್ಣುಮಗಳಿಗೆ ಪಾಸ್ಟರ್ ಪಟ್ಟ ಕೊಟ್ಟಿತು. ಬಿಷಪ್ ಇರುವ ಎಷ್ಟೋ ಚರ್ಚುಗಳು ಆ ನಿರ್ಧಾರಕ್ಕೆ ಬರಲು ನೂರು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡವು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಯಾವ ಬಗೆಯ ಚರ್ಚು ಕಟ್ಟಬೇಕೆಂಬುದನ್ನು ಹೊಸದಾಗಿ ಸೇರಿದವರಿಗೇ ಬಿಡಬೇಕೆಂದು ಲಂಡನ್ ಸೊಸೈಟಿ 1796ರಲ್ಲೇ ಗೊತ್ತುವಳಿ ಮಾಡಿತ್ತು. ಆದರೆ ಟೇಲರ್ ಅವರನ್ನಾಗಲಿ ಬೇನನ್ ಅವರನ್ನಾಗಲಿ ಆರಿಸಿದ್ದು ಬೆಳಗಾವಿ ಸೀಮೆಯ ಜನರಲ್ಲ, ಸೊಸೈಟಿ. ಸಂಬಳವೂ ಅಲ್ಲಿಂದಲೇ. ಊರೂರು ತಿರುಗುವ ಉಪದೇಶಿಗಳ ಸಂಬಳ ಮಿಷನರಿಯ ಕೈಯಲ್ಲಿತ್ತು. ಅನ್ನ ಹಾಕುವವರು ದೂರದಲ್ಲಿದ್ದಾಗ ಮತ ಹಾಕುವ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಸಣ್ಣ, ಬಡ ಸಭೆಗಳಿಗೆ ತಮ್ಮ ಪಾಸ್ಟರನ್ನು ತಾವೇ ಸಾಕುವುದು ಸುಲಭವೂ ಆಗಿರಲಿಲ್ಲ.

ಅಷ್ಟರಲ್ಲಿ ಮಿಷನ್ನೇ ಕೈ ಬದಲಾಯಿತು. 1904ರಲ್ಲಿ ಲಂಡನ್ ಸೊಸೈಟಿ ತನ್ನ ಬೆಳಗಾವಿ ಕ್ಷೇತ್ರವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿತು. ಅದಾದ ನಾಲ್ಕು ವರ್ಷಕ್ಕೆ, 1908ರಲ್ಲಿ, ದಕ್ಷಿಣ ಭಾರತದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಒಂದಾದವು. ಆ ಒಕ್ಕೂಟ 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ, ಅಂದರೆ ಸಿಎಸ್‌ಐನಲ್ಲಿ ಸೇರಿತು. ಪಕ್ಕದ ಧಾರವಾಡದ ಬಾಸೆಲ್ ಮಿಷನ್ ಸಭೆಗಳು ತಡವಾಗಿ ಅದೇ ಸಿಎಸ್‌ಐಗೆ ಬಂದವು. ಅಮೆರಿಕದ ಮೆಥೋಡಿಸ್ಟರು ಕಟ್ಟಿದ ಸಭೆಗಳು ಮಾತ್ರ ಹೊರಗುಳಿದವು. ಬೈಲಹೊಂಗಲದ ಚರ್ಚಿನ ಫಲಕಕ್ಕೂ ಧಾರವಾಡದ ಫಲಕಕ್ಕೂ ಇರುವ ವ್ಯತ್ಯಾಸದ ಬೇರು ಇಲ್ಲಿದೆ.

ಹೆಸರು ಹೋದರೂ ತತ್ವ ಪೂರ್ತಿ ಅಳಿದಿಲ್ಲ. ಸಿಎಸ್‌ಐ ಬಿಷಪ್ಪರನ್ನು ಒಪ್ಪಿಕೊಂಡಾಗಲೂ, ಊರ ಸಭೆಯ ಹಕ್ಕು ಚರ್ಚಿನ ಬಾಳಿಗೆ ಬೇಕೇ ಬೇಕೆಂದು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ಸಭೆ ಆರಿಸಿದ ಕಮಿಟಿ ಹಣದ ಲೆಕ್ಕ ನೋಡುವುದು ಆ ನೆಲೆಯಿಂದಲೇ. ಆದ್ದರಿಂದ ಯಾವುದೇ ಚರ್ಚಿನ ಪಾಸ್ಟರ್ ಎಷ್ಟರಮಟ್ಟಿಗೆ ‘ಸಭೆಯ ಪಾಸ್ಟರ್’ ಎಂದು ತಿಳಿಯಬೇಕಿದ್ದರೆ ಫಲಕ ನೋಡಬೇಡಿ. ಅವರನ್ನು ಕರೆದವರು ಯಾರು, ಸಂಬಳ ಕೊಡುವವರು ಯಾರು ಎಂಬ ಎರಡು ಪ್ರಶ್ನೆ ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಅದು ಕಾಂಗ್ರಿಗೇಷನಲ್ ಪದ್ಧತಿಗೆ ಹತ್ತಿರ.