ಕೊಳದ ನೀರಿನ ಉಷ್ಣತೆ ನೋಡಿ ಮೀನು ಆರಿಸಿ

ಮೀನು ಸಾಕುವ ರೈತರು ಗೊಬ್ಬರ, ಹಿಂಡಿ, ತೌಡುಗಳ ಲೆಕ್ಕವನ್ನು ಚೆನ್ನಾಗಿ ಇಡುತ್ತಾರೆ. ಆದರೆ ಕೊಳದ ನೀರಿನ ಉಷ್ಣತೆಯನ್ನು ಅಳೆದು ನೋಡುವವರು ವಿರಳ. ಮೀನು ಶೀತರಕ್ತದ ಪ್ರಾಣಿ. ದನಕರುಗಳಂತೆ ಮೈಯ ಶಾಖವನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ನೀರು ತಣ್ಣಗಾದರೆ ಅದರ ಹಸಿವು, ಜೀರ್ಣಶಕ್ತಿ, ಬೆಳವಣಿಗೆ ಎಲ್ಲವೂ ಕುಗ್ಗುತ್ತವೆ. ಒಂದೆಕರೆ ಕೊಳವನ್ನು ಕಾಯಿಸುವುದಾಗಲಿ ತಂಪು ಮಾಡುವುದಾಗಲಿ ರೈತನ ಕೈಯಲ್ಲಿಲ್ಲ. ಆದ್ದರಿಂದ ಮೊದಲು ನೀರನ್ನು ಅಳೆದು, ಅದಕ್ಕೆ ಒಗ್ಗುವ ಮೀನನ್ನು ಆರಿಸಬೇಕು.

ಅಳೆಯಲು ಪ್ರಯೋಗಶಾಲೆಯ ಸಾಧಾರಣ ಥರ್ಮಾಮೀಟರ್ ಸಾಕು. ಜ್ವರ ನೋಡುವ ಥರ್ಮಾಮೀಟರ್ ನಡೆಯದು. ಅದರ ಅಳತೆ ಸುಮಾರು 35 ಡಿಗ್ರಿ ಸೆಂಟಿಗ್ರೇಡಿನಿಂದಲೇ ಆರಂಭವಾಗುತ್ತದೆ. ಸೂರ್ಯೋದಯಕ್ಕೆ ಮೊದಲು ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ ನೋಡಿ ಬರೆದಿಡಬೇಕು. ತಳದ ನೀರನ್ನೂ ನೋಡುವುದು ಅಗತ್ಯ. ಕಲ್ಲು ಕಟ್ಟಿದ ಬಾಟಲಿಗೆ ಬಿರಡೆ ಹಾಕಿ ತಳಕ್ಕಿಳಿಸಿ, ಬಿರಡೆಗೆ ಕಟ್ಟಿದ ದಾರವನ್ನು ಎಳೆದರೆ ತಳದ ನೀರು ತುಂಬುತ್ತದೆ.

ಯಾವ ಮೀನಿಗೆ ಎಷ್ಟು?

ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ 25ರಿಂದ 32 ಡಿಗ್ರಿ ಹಿತಕರ. ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಅವು ಮೇವನ್ನು ಬಹಳ ಕಡಿಮೆ ಮಾಡುತ್ತವೆ. ಬಯಲುಸೀಮೆಯ ಕೆರೆಕಟ್ಟೆಗಳಿಗೆ ಇವು ಹೇಳಿ ಮಾಡಿಸಿದಂಥವು. ಮಲೆನಾಡು, ಕೊಡಗುಗಳ ತಂಪು ಕೊಳಗಳಲ್ಲಿ ಸಾಮಾನ್ಯ ಗೆಂಡೆಯ ಪಾಲನ್ನು ಹೆಚ್ಚಿಸುವುದು ಲೇಸು. ಚಳಿಯನ್ನು ತಡೆಯುವುದರಲ್ಲಿ ಅದು ಗಟ್ಟಿ. ಅದರ ಒಂದು ತಳಿಯನ್ನು 1939ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟದ್ದು ನೀಲಗಿರಿಯ ತಣ್ಣೀರಿನಲ್ಲಿಯೇ. ತಿಲಾಪಿಯ ಇದಕ್ಕೆ ವಿರುದ್ಧ. ಅದಕ್ಕೆ ಚಳಿ ಆಗದು. 15 ಡಿಗ್ರಿಯ ಆಸುಪಾಸಿನಲ್ಲಿ ಮೇವು ಬಿಡುತ್ತದೆ, ಇನ್ನೂ ಇಳಿದರೆ ಸಾಯುತ್ತದೆ. ಅದನ್ನು ಸಾಕಲು ಇಲಾಖೆಯ ಅನುಮತಿಯೂ ಬೇಕು.

ಬೇಸಿಗೆಯ ಗಂಡಾಂತರ

ನೀರು ಬೆಚ್ಚಗಾದಷ್ಟೂ ಮೀನು ಬೆಳೆಯುತ್ತದೆಂದು ತಿಳಿಯಬಾರದು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಆದರೆ ಅದೇ ಬಿಸಿಯಲ್ಲಿ ಮೀನಿನ ಉಸಿರಾಟದ ಅಗತ್ಯ ಏರುತ್ತದೆ, ತಳದ ಗೊಬ್ಬರ ಕೊಳೆಯುವ ವೇಗವೂ ಏರುತ್ತದೆ. ಆದಾಯ ಇಳಿದು ಖರ್ಚು ಹೆಚ್ಚಿದ ಸಂಸಾರದ ಸ್ಥಿತಿ ಇದು.

ಆಳವಾದ ಕೊಳಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ನೀರು ಬಿಸಿಯಾಗಿ ಹಗುರಾಗಿ ಮೇಲೆಯೇ ನಿಲ್ಲುತ್ತದೆ. ತಳದ ನೀರಿಗೆ ಗಾಳಿಯ ಸಂಪರ್ಕ ತಪ್ಪಿ ಆಮ್ಲಜನಕ ತೀರಿಹೋಗುತ್ತದೆ. ಇಂಥ ಕೊಳದ ಮೇಲೆ ಜೋರಾದ ಮಳೆ ಬಿದ್ದರೆ ಮೇಲಿನ ನೀರು ತಟ್ಟನೆ ತಣ್ಣಗಾಗಿ ಕೆಳಗಿಳಿಯುತ್ತದೆ, ಕೆಟ್ಟ ನೀರು ಮೇಲೆ ಬಂದು ಬೆರೆಯುತ್ತದೆ. ಮರುದಿನ ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿರುತ್ತವೆ. ಆಗ ತಡಮಾಡಿದರೆ ವರ್ಷದ ಬೆಳೆ ಒಂದೇ ದಿನದಲ್ಲಿ ಹೋದೀತು. ಕೂಡಲೇ ಪಂಪ್ ಹಚ್ಚಿ ಮೇಲಿನ ನೀರನ್ನೇ ಎತ್ತಿ ಮಳೆಯಂತೆ ಕೊಳದ ಮೇಲೆ ಚಿಮ್ಮಿಸಬೇಕು. ಹೊಸ ನೀರಿದ್ದರೆ ಹಾಯಿಸಬೇಕು. ಮೇವು, ಸಗಣಿಗಳನ್ನು ನಿಲ್ಲಿಸಬೇಕು. ಅನೇಕರು ಮೀನಿಗೆ ರೋಗವೆಂದು ಭಾವಿಸಿ ಔಷಧಿ ಹುಡುಕಿಕೊಂಡು ಹೊರಡುತ್ತಾರೆ. ಆ ವೇಳೆಯಲ್ಲಿ ಬೇಕಾದದ್ದು ಔಷಧಿಯಲ್ಲ, ಗಾಳಿ.

ಕಡಿಮೆ ನೀರಿನ ಕೃಷಿ ಹೊಂಡಗಳದು ಬೇರೆ ತೊಂದರೆ. ಅವು ಹಗಲು ಬೇಗ ಕಾದು ರಾತ್ರಿ ಬೇಗ ತಣಿಯುತ್ತವೆ. ಬೇಸಿಗೆಯಲ್ಲಿ ಐದಾರು ಅಡಿ ನೀರು ಉಳಿಯುವಂತಿದ್ದರೆ ಮಾತ್ರ ಅಲ್ಲಿ ವರ್ಷವಿಡೀ ಮೀನು ಸಾಕಬಹುದು. ಒಂದು ಮೂಲೆಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದರೆ ಮೀನಿಗೆ ನೆರಳಾಗುತ್ತದೆ.

ಚಳಿಗಾಲದಲ್ಲಿ ಮೇವನ್ನು ತಗ್ಗಿಸಿ, ಬಿಸಿಲೇರಿದ ಮೇಲೆ ಕೊಡಬೇಕು. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆಯುತ್ತದೆ. 1988ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಹುಣ್ಣು ರೋಗವು ತಣ್ಣನೆಯ ತಿಂಗಳುಗಳಲ್ಲಿಯೇ ಹೆಚ್ಚು. ಆಗಾಗ ಬಲೆ ಎಳೆದು ಮೀನಿನ ಮೈ ನೋಡುತ್ತಿರಬೇಕು.

ಮರಿ ಬಿಡುವಾಗ

ಮರಿ ತಂದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ ಒಮ್ಮೆಲೇ ಸುರಿಯಬಾರದು. ನಾಲ್ಕೈದು ಡಿಗ್ರಿಯ ವ್ಯತ್ಯಾಸವೇ ಎಳೆಯ ಮರಿಗಳಿಗೆ ಪೆಟ್ಟು ಕೊಡುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲಿ ಚೀಲವನ್ನು ಹಾಗೆಯೇ ಕೊಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಬಿಟ್ಟು, ಅನಂತರ ಬಾಯಿ ಬಿಚ್ಚಿ, ಕೊಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಹೋಗುವಂತೆ ಓರೆ ಮಾಡಬೇಕು.

ಅಲಂಕಾರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆ ಉಷ್ಣತೆ ಹೊಂದಿಸುವ ಅನುಕೂಲವಿದೆ. ಗಪ್ಪಿ, ಮೋಲಿ, ಏಂಜೆಲ್ ಮೀನುಗಳಿಗೆ 24ರಿಂದ 28 ಡಿಗ್ರಿ ಬೇಕು; ಗೋಲ್ಡ್ ಫಿಶ್‌ಗೆ 18ರಿಂದ 24 ಸಾಕು. ಈ ಎರಡು ಬಗೆಯನ್ನು ಒಂದೇ ತೊಟ್ಟಿಯಲ್ಲಿ ಹಾಕುವುದು ತರವಲ್ಲ. ಹೀಟರನ್ನು ಲೀಟರಿಗೆ ಒಂದು ವಾಟಿನಂತೆ ಆರಿಸಬಹುದು. ನೀರು ಬದಲಿಸುವ ಮೊದಲು ಅದರ ವಿದ್ಯುತ್ತನ್ನು ತಪ್ಪದೆ ಆರಿಸಿ, ಹೀಟರ್ ತಣಿಯಲು ಬಿಡಬೇಕು. ಕಾದ ಗಾಜು ನೀರಿನಿಂದ ಹೊರಗುಳಿದರೆ ಸೀಳುತ್ತದೆ.