ಫೋರ್ ವೀಲ್ ಡ್ರೈವ್ ವಾಹನಕ್ಕೆ ಬುಲ್‌ಬಾರ್ ಮತ್ತು ವಿಂಚ್: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಸೀಮೆಯ ಮಸೂತಿ, ಕೂಡಗಿ, ಗೊಳಸಂಗಿ ಸುತ್ತಲಿನ ನೆಲ ಬಹುಪಾಲು ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತಾಗುವ ಈ ಮಣ್ಣು ಒಂದು ಹದಮಳೆ ಬಿದ್ದೊಡನೆ ಉಬ್ಬಿ, ಟೈರಿನ ಸಂದುಗಳಲ್ಲಿ ತುಂಬಿಕೊಂಡು, ಚಕ್ರದ ಹಿಡಿತವನ್ನೇ ಕಸಿಯುತ್ತದೆ. ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ತಲೆಯೆತ್ತಿದೆ. ಮುಳವಾಡ ಏತ ನೀರಾವರಿಯ ಕಾಲುವೆಗಳು ಹೊಲಗಳತ್ತ ಹರಿದಿವೆ. ಪಂಪು, ಪೈಪು, ಬಿಡಿಭಾಗ, ಗೊಬ್ಬರ ಮುಂತಾದವುಗಳನ್ನು ಹೊಲದ ಬದುವಿನವರೆಗೆ ತಲುಪಿಸುವ ವರ್ತಕರು ಫೋರ್ ವೀಲ್ ಡ್ರೈವ್ ಪಿಕಪ್ ಅಥವಾ ಜೀಪು ಕೊಳ್ಳುವುದು ಸಹಜ. ವಾಹನದೊಂದಿಗೆ ಮುಂಭಾಗಕ್ಕೆ ಬುಲ್‌ಬಾರ್, ಅದರ ಮೇಲೊಂದು ವಿಂಚ್ ಕೂಡಿಸಿಕೊಳ್ಳುವ ಆಲೋಚನೆಯೂ ಬರುತ್ತದೆ. ಈ ವೆಚ್ಚವು ಎಷ್ಟರಮಟ್ಟಿಗೆ ಸಮಂಜಸ ಎಂಬುದನ್ನು ಕಾನೂನು, ಯಂತ್ರಬಲ ಹಾಗೂ ಲೆಕ್ಕಪತ್ರ ಈ ಮೂರು ದೃಷ್ಟಿಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬುಲ್‌ಬಾರ್: ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಬುಲ್‌ಬಾರ್ ಹಾಗೂ ಕ್ರ್ಯಾಶ್ ಗಾರ್ಡ್‌ಗಳ ಅಳವಡಿಕೆ ಈ ಕಲಮಿನ ಉಲ್ಲಂಘನೆಯೆಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಕ್ರಮ ಜರುಗಿಸಲು ಸೂಚಿಸಿತು. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ರೂ. 5,000 ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಈ ನಿಲುವಿಗೆ ತಾಂತ್ರಿಕ ಕಾರಣವೂ ಉಂಟು. ಢಿಕ್ಕಿಯ ಬಲವನ್ನು ತಾನೇ ಮಡಿಚಿಕೊಂಡು ಹೀರಿಕೊಳ್ಳುವಂತೆ ವಾಹನದ ಮೂತಿಯನ್ನು ರೂಪಿಸಿರುತ್ತಾರೆ. ನೇರವಾಗಿ ಚಾಸಿಗೆ ಬಿಗಿದ ಉಕ್ಕಿನ ಬಾರು ಆ ಬಲವನ್ನು ಒಳಗೆ ಕುಳಿತವರಿಗೇ ದಾಟಿಸುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸಮಯವನ್ನೂ ಏರುಪೇರು ಮಾಡಬಲ್ಲದು. ಪಾದಚಾರಿಗಂತೂ ಅದು ಮಾರಕ. ಕಾಂಗರೂಗಳು ಅಡ್ಡ ಬರುವ ಆಸ್ಟ್ರೇಲಿಯಾದ ನಿರ್ಜನ ರಸ್ತೆಗಳಲ್ಲಿ ಬಳಕೆಗೆ ಬಂದ ಸಾಧನವು ಜನ, ದನ, ಎತ್ತಿನಗಾಡಿ, ಬೈಕು ಎಲ್ಲವೂ ಓಡಾಡುವ ನಮ್ಮ ರಸ್ತೆಗಳಿಗೆ ಒಗ್ಗುವುದಿಲ್ಲ. ಆದುದರಿಂದ ಬುಲ್‌ಬಾರಿನ ಆಯ್ಕೆಯಲ್ಲಿ ಸರಿಯಾದ ಉತ್ತರ ಒಂದೇ: ಕೊಳ್ಳದಿರುವುದು.

2. ವಿಂಚ್: ಸಾಮರ್ಥ್ಯದ ಲೆಕ್ಕ

ಹೂತ ವಾಹನವನ್ನು ಎಳೆದು ತೆಗೆಯುವ ವಿಂಚಿನ ಪ್ರಶ್ನೆ ಬೇರೆ. ಅದಕ್ಕೆ ನಿಜವಾದ ಉಪಯೋಗವಿದೆ. ವಾಹನದ ಒಟ್ಟು ಭಾರದ ಕನಿಷ್ಠ ಒಂದೂವರೆ ಪಟ್ಟು ಎಳೆಯುವ ಶಕ್ತಿ ಇರಬೇಕೆಂಬುದು ರೂಢಿಯ ನಿಯಮ. ಖಾಲಿ ವಾಹನದ ತೂಕವನ್ನಲ್ಲ, ಆರ್.ಸಿ.ಯಲ್ಲಿ ನಮೂದಾಗಿರುವ ಸರಕುಸಹಿತ ತೂಕವನ್ನೇ ಹಿಡಿಯಬೇಕು. ಉದಾಹರಣೆಗೆ ಅದು 2,800 ಕಿ.ಗ್ರಾಂ. ಇದ್ದರೆ 4,200 ಕಿ.ಗ್ರಾಂ. ಶಕ್ತಿ ಬೇಕು. 9,500 ಪೌಂಡ್ ಎಂದು ಮಾರುವ ವಿಂಚಿನ ಶಕ್ತಿ ಸುಮಾರು 4,300 ಕಿ.ಗ್ರಾಂ.; ಮೇಲ್ನೋಟಕ್ಕೆ ಸಾಲುತ್ತದೆ.

ಆದರೆ ಈ ಅಂಕಿ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಸುತ್ತಿನ ಪದರು ಮಾತ್ರ ಇರುವಾಗಿನದು. ಪದರು ಹೆಚ್ಚಿದಂತೆ ಶಕ್ತಿ ಕುಂದಿ, ನಾಲ್ಕನೆಯ ಪದರಿನಲ್ಲಿ ಸರಿಸುಮಾರು ಮೂರನೆಯ ಎರಡು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹಗ್ಗವನ್ನು ಸಾಕಷ್ಟು ಬಿಚ್ಚಿ ಎಳೆಯಬೇಕು. ಆದರೆ ಡ್ರಮ್ಮಿನ ಮೇಲೆ ತಯಾರಕರು ಸೂಚಿಸಿದಷ್ಟು ಸುತ್ತುಗಳು ಉಳಿದಿರಲೇಬೇಕು. ಒಂದು ರಾಟೆಯ ಮೂಲಕ ಹಗ್ಗವನ್ನು ಮರಳಿ ವಾಹನಕ್ಕೆ ತಂದು ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ದೊಡ್ಡ ವಿಂಚಿಗಿಂತ ಒಂದು ಉತ್ತಮ ರಾಟೆ ಅಗ್ಗ.

ವಿದ್ಯುತ್ ವಿಂಚು ಪೂರ್ಣ ಭಾರದಲ್ಲಿ 400 ಆಂಪಿಯರಿನಷ್ಟು ವಿದ್ಯುತ್ ಎಳೆಯಬಲ್ಲದು. ಇದು ಆಲ್ಟರ್ನೇಟರ್ ಪೂರೈಸುವುದಕ್ಕಿಂತ ಬಹಳ ಹೆಚ್ಚು. ಉಳಿದುದನ್ನು ಬ್ಯಾಟರಿಯೇ ಕೊಡಬೇಕು. ಎಂಜಿನ್ ಚಾಲನೆಯಲ್ಲಿಟ್ಟು, ಬಿಡುವು ಕೊಡುತ್ತ ಎಳೆಯುವುದು ಕ್ಷೇಮ. ಉಕ್ಕಿನ ತಂತಿಹಗ್ಗ ಕೆಸರು, ಕಲ್ಲುಗಳಿಗೆ ಬಾಳಿಕೆ ಬರುತ್ತದೆ, ಆದರೆ ತುಂಡಾದರೆ ಚಾಟಿಯಂತೆ ಬೀಸಿ ಪ್ರಾಣ ತೆಗೆಯಬಲ್ಲದು. ಸಿಂಥೆಟಿಕ್ ಹಗ್ಗ ಹಗುರ, ಅಪಾಯ ಕಡಿಮೆ. ಬಿಸಿಲು ಮತ್ತು ಉಜ್ಜುವಿಕೆಯಿಂದ ಬೇಗ ಸವೆಯುತ್ತದೆ. ಯಾವುದೇ ಆದರೂ ಹಗ್ಗದ ಮೇಲೆ ದಪ್ಪ ಗೋಣಿತಾಟು ಹೊದಿಸಿ, ಆಳುಗಳನ್ನು ದೂರ ನಿಲ್ಲಿಸಬೇಕು. ಅವಘಡವಾದರೆ ಪರಿಹಾರದ ಹೊಣೆ ಮಾಲೀಕರದೇ.

3. ಅಳವಡಿಕೆಯ ತೊಡಕು

ವಿಂಚನ್ನು ಕೂಡಿಸಲು ಬಂಪರ್ ಕತ್ತರಿಸಿ ಚಾಸಿಗೆ ಕಬ್ಬಿಣ ಬೆಸೆದರೆ ಮಾರ್ಪಾಡಿನ ಪ್ರಶ್ನೆ ಮತ್ತೆ ಏಳುತ್ತದೆ. ಆದುದರಿಂದ ಮುಂಗಡ ಕೊಡುವ ಮೊದಲೇ ವಾಹನ ತಯಾರಕರ ಲಿಖಿತ ಸಮ್ಮತಿ, ಆರ್.ಟಿ.ಓ. ಕಚೇರಿಯ ಅಭಿಪ್ರಾಯ, ವಾಹನ ಸಾಲದಲ್ಲಿದ್ದರೆ ಸಾಲ ನೀಡಿದವರ ಒಪ್ಪಿಗೆ ಪಡೆಯತಕ್ಕದ್ದು. ವಿಮಾ ಕಂಪನಿಗೆ ತಿಳಿಸಿ, ಬೆಲೆಯನ್ನು ಪಾಲಿಸಿಯಲ್ಲಿ ನಮೂದಿಸದಿದ್ದರೆ ಕ್ಲೇಮಿನ ವೇಳೆ ತಕರಾರು ಖಚಿತ.

ಇದಕ್ಕೊಂದು ಪರ್ಯಾಯವಿದೆ. ವಾಹನಕ್ಕೆ ಬಿಗಿಯದ, ಸನ್ನೆಯಿಂದ ನಡೆಯುವ ಕೈವಿಂಚು 1.6 ಮತ್ತು 3.2 ಟನ್ ಸಾಮರ್ಥ್ಯಗಳಲ್ಲಿ ದೊರೆಯುತ್ತದೆ. ಇದು ನಿಧಾನ, ಇಬ್ಬರ ಶ್ರಮ ಬೇಡುತ್ತದೆ. ಆದರೆ ಮುಂಭಾಗದ ವಿಂಚು ವಾಹನವನ್ನು ಮುಂದಕ್ಕಷ್ಟೇ ಎಳೆದರೆ, ಇದು ಬಂದ ದಾರಿಯಲ್ಲೇ ಹಿಂದಕ್ಕೂ ಎಳೆಯುತ್ತದೆ. ಎರೆಹೊಲದಲ್ಲಿ ಬಹುಸಲ ಬೇಕಾಗುವುದು ಅದೇ. ಕಾರ್ಖಾನೆಯಲ್ಲಿ ಲೇತ್ ಯಂತ್ರ ಸರಿಸಲೂ ಬಳಕೆಯಾಗುತ್ತದೆ. ಮರವಿಲ್ಲದ ಬಯಲಿನಲ್ಲಿ ದಪ್ಪ ತೊಲೆಯೊಂದನ್ನು ಅಡ್ಡಲಾಗಿ ಹೂತು ಆಧಾರ ಮಾಡಿಕೊಳ್ಳಬಹುದು.

4. ಲೆಕ್ಕಪುಸ್ತಕದ ದೃಷ್ಟಿ

ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಹೂತ ವಾಹನ ತೆಗೆಸಲು ಟ್ರ್ಯಾಕ್ಟರ್ ಬಾಡಿಗೆ ಹಾಗೂ ಕೆಲಸದ ನಷ್ಟ ಸೇರಿ ಸಲಕ್ಕೆ ರೂ. 3,000 ತಗಲುತ್ತದೆ ಎನ್ನೋಣ.

ವಿದ್ಯುತ್ ವಿಂಚು, ರೂ. 80,000: ಮೊದಲ ವರ್ಷದ ಸವಕಳಿ 15%ರಂತೆ 12,000, ಬಡ್ಡಿ 10%ರಂತೆ 8,000, ನಿರ್ವಹಣೆ ಮತ್ತು ವಿಮೆ 4,000, ಒಟ್ಟು ರೂ. 24,000. ವರ್ಷಕ್ಕೆ 8 ಸಲ ಹೂತರೆ ಮಾತ್ರ ಸರಿದೂಗುತ್ತದೆ.

ಕೈವಿಂಚು, ರೂ. 20,000: ಸವಕಳಿ 3,000, ಬಡ್ಡಿ 2,000, ನಿರ್ವಹಣೆ 1,000, ಒಟ್ಟು ರೂ. 6,000. ಆಳು ಮತ್ತು ವೇಳೆಗೆ ಸಲಕ್ಕೆ 1,000 ಕಳೆದರೆ ಉಳಿತಾಯ 2,000. ಅಂದರೆ 3 ಸಲಕ್ಕೇ ಸರಿದೂಗುತ್ತದೆ.

ತೆರಿಗೆಯಲ್ಲಿಯೂ ವ್ಯತ್ಯಾಸವುಂಟು. ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿದ ವೆಚ್ಚ ಆದಾಯ ತೆರಿಗೆಯಲ್ಲಿ ವಜಾ ದೊರೆಯದು. ಬುಲ್‌ಬಾರಿನ ಖರ್ಚು ಈ ಆಕ್ಷೇಪಕ್ಕೆ ಗುರಿಯಾಗಬಹುದು, ಅದಕ್ಕಾಗಿ ತೆತ್ತ ದಂಡವಂತೂ ವಜಾ ಆಗದು. ಜಿ.ಎಸ್.ಟಿ.ಯಲ್ಲಿ, 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಮೇಲಿನ ಇನ್‌ಪುಟ್ ತೆರಿಗೆ ಜಮೆಗೆ ಸಾಮಾನ್ಯವಾಗಿ ತಡೆಯಿದೆ. ಸರಕು ವಾಹನಕ್ಕೆ ಆ ತಡೆಯಿಲ್ಲ. ಪ್ರತ್ಯೇಕ ಬಿಲ್ಲಿನಲ್ಲಿ, ಜಿ.ಎಸ್.ಟಿ. ಸಂಖ್ಯೆಯೊಡನೆ ಕೊಂಡ ಕೈವಿಂಚು ವ್ಯವಹಾರದ ಯಂತ್ರೋಪಕರಣವೆಂದೇ ಪುಸ್ತಕಕ್ಕೆ ಬರುತ್ತದೆ. ಕಾಂಪೊಸಿಷನ್ ಪದ್ಧತಿಯವರಿಗೆ ಜಮೆ ಇರುವುದಿಲ್ಲ.

ಒಟ್ಟಿನಲ್ಲಿ, ಬುಲ್‌ಬಾರನ್ನು ಕೈಬಿಡುವುದು. ಕಳೆದ ಮಳೆಗಾಲದಲ್ಲಿ ವಾಹನ ಎಷ್ಟು ಸಲ ಹೂತಿತೆಂಬುದನ್ನು ಚಾಲಕನಿಂದ ಕೇಳಿ ಬರೆದಿಟ್ಟುಕೊಳ್ಳುವುದು. ಆ ಸಂಖ್ಯೆ ಮೂರರಿಂದ ಏಳರೊಳಗಿದ್ದರೆ ಕೈವಿಂಚು ಮತ್ತು ರಾಟೆ, ಎಂಟನ್ನು ಮೀರಿದರೆ ಮಾತ್ರ ಸಮ್ಮತಿಪತ್ರಗಳೊಡನೆ ವಿದ್ಯುತ್ ವಿಂಚು. ಮೂರಕ್ಕಿಂತ ಕಡಿಮೆಯಿದ್ದರೆ ನೆರೆಯವರ ಟ್ರ್ಯಾಕ್ಟರೇ ಲಾಭಕರ.